ಒಳಬದಿ

ಎಂಟು ಸಾವಿರ ಕಿಲೋಮೀಟರು ಕೂಡ ಓಡಿಲ್ಲ ಅಂತ
ಬಿಲ್ಲು ಬೀಸುತ್ತಾ ಬಂದರು ಅಡ್ಯಂತಾಯರು, ಕೂಳೂರಿನ ಅಂಗಡಿಗೆ.
ಬೆಳ್ಳಿ ಬಣ್ಣದ ಕಾರು. ನೆಲಕ್ಕೂ ಅದಕ್ಕೂ ನಡುವೆ
ಒಂದು ಗೇಣೂ ಇಲ್ಲ. ಹಂಪು ದಾಟುವಾಗ
ಕೈಸನ್ನೆ ಮಾಡುತ್ತಾ ಹಿಂದೆ ಹಿಂದೆ ನಡೆದೆ,
ಗಬ್ಬದ ದನವನ್ನು ಹಟ್ಟಿಗೆ ತರುವ ಹಾಗೆ.

ನಿಂತು ನೋಡಿದರೆ ಟಯರು ಹೊಸತೇ.
ಅಂಚಿನ ರಬ್ಬರಿನ ಎಳೆಕೂದಲು ಸಹ ಉದುರಿಲ್ಲ.
"ಕಂಪೆನಿಯದ್ದೇ ಮೋಸ. ಬರೆದುಕೊಡಿ."
ವಲೇರಿಯನ್ ಧನಿ ಕನ್ನಡಕ ಒರೆಸಿಕೊಂಡರು. ಬರೆಯಲಿಲ್ಲ.

ಲಿಫ್ಟು ಏರಿತು.
ಕೆಳಗೆ ಹೋಗಿ ಬೆಳಕು ಹಿಡಿದರೆ
ಹಿಂದಿನ ಎರಡೂ ಚಕ್ರಗಳ ಒಳಬದಿ ಬೋಳು.
ಬೋಳು ದಾಟಿ ಬಟ್ಟೆ, ಬಟ್ಟೆ ದಾಟಿ ತಂತಿ.
ಅಂಗೈ ಸವರಿದೆ. ಹೋಗುವಾಗ ನುಣುಪು,
ಬರುವಾಗ ತರಚು,
ಭೂತಾಯಿಯನ್ನು ಬಾಲದಿಂದ ತಲೆಗೆ ಉಜ್ಜಿದ ಹಾಗೆ.
ಕೈಗೆ ಮೊದಲು ಗೊತ್ತಾಯಿತು, ಯಂತ್ರ ಆಮೇಲೆ ಹೇಳಿತು:
ಟೋ ಹೊರಕ್ಕೆ. ಉಗುರಿನ ದಪ್ಪ ಕೂಡ ಇಲ್ಲ,
ಅಷ್ಟು ಸಾಕು. ಮುಂದಕ್ಕೆ ಉರುಳುತ್ತಲೇ
ಸುತ್ತಿಗೊಂದು ಕೂದಲೆಳೆ ಅಡ್ಡಕ್ಕೆ ಎಳೆದುಕೊಂಡು
ಸುರತ್ಕಲ್ಲಿನಿಂದ ಪಂಪ್‌ವೆಲ್ಲಿನವರೆಗೆ
ರಾತ್ರಿ ಹನ್ನೊಂದರ ಮೇಲಿನ ಖಾಲಿ ಹೆದ್ದಾರಿಗೆ
ತನ್ನನ್ನೇ ಅರೆದು ಅರೆದು ಹಾಕಿದೆ.

ಮತ್ತೆ ಕ್ಯಾಂಬರು. ಅದು ತಪ್ಪಲ್ಲ,
ಕಾರು ಮಾಡಿದವರೇ ಬೇಕೆಂದು ಇಟ್ಟ ಓರೆ:
ಚಕ್ರದ ತಲೆ ಒಳಕ್ಕೆ, ಪಾದ ಹೊರಕ್ಕೆ,
ತಿರುವಿನಲ್ಲಿ ವೇಗ ಹೊರಗೆಸೆಯುವಾಗ
ಇಡೀ ಪಾದ ಊರಿ ನಿಲ್ಲಲಿಕ್ಕೆ.
ನೇರ ರಸ್ತೆಯಲ್ಲಿ ಮಾತ್ರ ಭಾರವೆಲ್ಲ ಒಳಬದಿಗೆ.
ಅವರು ಓಡಿಸಿದ್ದು ಪೂರಾ ನೇರ ರಸ್ತೆ.

ಓರೆ ಅಂದರೆ ನನಗೆ ಗೊತ್ತಿರುವುದು
ಸುಳ್ಯದ ಕಡೆ, ಲೈನ್ ಮನೆಯಲ್ಲಿ ಮೂರೂವರೆಗೆ ಎದ್ದು
ಹಣೆಗೆ ದೀಪ ಕಟ್ಟಿ ಹೊರಡುವ ಅಮ್ಮನ ಚೂರಿ.
ಸಿಲೋನಿನಿಂದ ಬಂದ ತಾತ ಕಲಿಸಿದ ಕೈ.
ಅಡ್ಡ ಗೀರಿದರೆ ಹಾಲು ಇಳಿಯುವುದಿಲ್ಲ, ತೊಗಟೆಯಲ್ಲೇ ಇಂಗುತ್ತದೆ.
ಓರೆ ಬೇಕು. ಆಳ ಹೋದರೆ ಮರವೇ ಹೋಯಿತು.
"ಮರಕ್ಕೆ ನೋಯದಷ್ಟು" ಎನ್ನುತ್ತಿದ್ದಳು ತಮಿಳಿನಲ್ಲಿ,
ತನ್ನ ಮಾತಿನ ಮೇಲೆ ತನಗೇ ನಂಬಿಕೆಯಿಲ್ಲದ ಹಾಗೆ ನಕ್ಕು.
ದಿನಕ್ಕೆ ಮುನ್ನೂರು ಮರ, ಗುಡ್ಡದ ಇಳಿಜಾರು,
ಒಂದು ಕಾಲು ಮೇಲೆ, ಒಂದು ಕೆಳಗೆ,
ಮೂವತ್ತೊಂದು ವರ್ಷ.

ಹೋದ ತಿಂಗಳು ವೆನ್ಲಾಕಿನಲ್ಲಿ
ಚಿಕ್ಕ ಪ್ರಾಯದ ಡಾಕ್ಟರಮ್ಮ ಫಿಲ್ಮನ್ನು ಕಿಟಕಿಗೆ ಹಿಡಿದು
ಮೊಣಕಾಲಿನ ಮೇಲೆ ಬೆರಳಿಟ್ಟರು: ಹೊರಗೆ ಸಂದು ಇದೆ ನೋಡಿ,
ಒಳಬದಿಯಲ್ಲಿ ಎಲುಬಿಗೆ ಎಲುಬು.
ಅಲೈನ್‌ಮೆಂಟ್ ಮಾಡಲಿಕ್ಕೆ ಆಗ್ತದಾ, ಕೇಳಿದೆ.
ಬಾಯಿಗೆ ಬಂದದ್ದೇ ಅದು.
ಅವರು ನಗಲಿಲ್ಲ. ಆಗ್ತದೆ, ಇಲ್ಲಿ ಸರದಿ ಉದ್ದ,
ಹೊರಗೆ ಮಾಡಿಸಿದರೆ ಇಷ್ಟು, ಎಂದು
ಚೀಟಿಯ ಹಿಂದೆ ಬರೆದರು.
ಅಡ್ಯಂತಾಯರ ಬಿಲ್ಲಿನಲ್ಲೂ ಹೆಚ್ಚುಕಮ್ಮಿ ಅದೇ ಅಂಕಿ.
ಇದನ್ನು ಬರೆಯಬಾರದಿತ್ತು. ಬರೆದೆ.

"ಹಾಗಾದರೆ ಪೂರಾ ನೆಟ್ಟಗೆ ಮಾಡಿಬಿಡಿ."
"ಮಾಡಬಹುದು. ಚಾರ್ಮಾಡಿಯಲ್ಲಿ ಹಿಡಿತ ಸಿಗಲಿಕ್ಕಿಲ್ಲ."
"ನಾನು ಚಾರ್ಮಾಡಿಗೆ ಹೋಗುವುದೇ ಇಲ್ಲ ಮಾರಾಯ."
ಮತ್ತೆ ಈ ಕಾರು ಯಾಕೆ ಎಂಬ ಮಾತು
ಧನಿಯ ಗಂಟಲಿಗೆ ಹತ್ತಿ ಇಳಿದದ್ದು ಕಂಡಿತು ನನಗೆ.
ಕಾರಿನ ಬೆನ್ನ ಮೇಲೆ ಕೈ ಇಟ್ಟು
ತುಂಬ ಹೊತ್ತು ನಿಂತರು ಅಡ್ಯಂತಾಯರು.
"ಓರೆ ಇರಲಿ," ಎಂದರು.

ಟೋ ಸರಿಮಾಡಿದೆ. ಕೆಂಪು ಅಂಕಿ ಹಸಿರಾಯಿತು.
ಹಳೆಯ ಟಯರೆರಡು ಹಿತ್ತಿಲಿಗೆ.
ನೀರು ನಿಂತರೆ ಸೊಳ್ಳೆ, ಸೊಳ್ಳೆ ಕಂಡರೆ ಪಾಲಿಕೆಯವರ ದಂಡ,
ಅದಕ್ಕೇ ತೂತು ಕೊರೆಯಬೇಕು.
ಡ್ರಿಲ್ಲು ಕಾದಾಗ ಎದ್ದ ವಾಸನೆ
ಲೈನ್ ಮನೆಯಾಚೆಯ ಹೊಗೆಗೂಡಿನದ್ದಲ್ಲ,
ಅದರ ಹತ್ತಿರದ್ದೂ ಅಲ್ಲ. ಆದರೂ
ಒಂದು ಗಳಿಗೆ ನಿಲ್ಲಿಸಿದೆ.
ತೂತನ್ನು ಅಡಿಗೆ ತಿರುಗಿಸಿ
ಗೋಡೆಗೆ ಒರಗಿಸಿಟ್ಟೆ,
ಸವೆದ ಬದಿ
ಹೊರಕ್ಕೆ.